ಜಯನಗರದಲ್ಲಿ ಸಿಕ್ಕ 'ನೆನಪಿನ ಶಕ್ತಿ' ಮಾತ್ರೆ: ಡಬ್ಬದ ಮೇಲಿನ ಮಾತು ನಂಬಬೇಡಿ

ಜಯನಗರ ನಾಲ್ಕನೇ ಬ್ಲಾಕ್‌ನ ಒಂದು ಅಂಗಡಿಯಿಂದ ಚಿಕ್ಕಮ್ಮ ನಮ್ಮ ಅಜ್ಜಿಗೆಂದು ತಂದ ಮಾತ್ರೆ ಇದು. ಹೆಸರು ಬರೆಯುವುದಿಲ್ಲ, ಇಂಥವು ಬೇರೆ ಬೇರೆ ಹೆಸರಲ್ಲಿ ಎಲ್ಲ ಕಡೆ ಸಿಗುತ್ತವೆ. ತಿಂಗಳ ಡಬ್ಬಕ್ಕೆ 1,850 ರೂಪಾಯಿ. ಒಳಗಿರುವುದು ಒಂದೆಲಗ, ಅಶ್ವಗಂಧ. ಒಂದೆಲಗದ ತಂಬುಳಿ ನಮ್ಮನೆಯಲ್ಲೂ ಮಾಡುತ್ತೇವೆ, ಅದರ ಬಗ್ಗೆ ತಕರಾರಿಲ್ಲ. ಮಾತ್ರೆ ಸಣ್ಣದು, ಅಜ್ಜಿ ಹಟ ಮಾಡದೆ ನುಂಗಿದರು. ಮರೆವು ಮಾತ್ರ ಇದ್ದ ಹಾಗೇ ಇದೆ.

ನನಗೆ ಸಿಟ್ಟು ಬಂದಿದ್ದು ಡಬ್ಬದ ಮೇಲಿನ ಒಂದು ಸಾಲಿಗೆ. 'ಅಲ್ಝೈಮರ್ ತರುವ ಪ್ರೋಟೀನನ್ನು ಬುಡಸಮೇತ ನಾಶ ಮಾಡುತ್ತದೆ' ಅಂತೆ.

ಅಲ್ಝೈಮರ್ ಅನ್ನೋ ಮರೆವಿನ ಕಾಯಿಲೆಯಲ್ಲಿ ಮಿದುಳಿನಲ್ಲಿ ಗಂಟುಗಂಟಾಗಿ ಸೇರಿಕೊಳ್ಳುವುದು ಅಮಿಲಾಯ್ಡ್ ಬೀಟಾ ಅನ್ನೋ ಸಣ್ಣ ತುಣುಕು. ಅದರ ಬುಡ ಎಪಿಪಿ ಅನ್ನೋ ದೊಡ್ಡ ಪ್ರೋಟೀನು. ಈ ಎಪಿಪಿ ಕಾಯಿಲೆಯವರಿಗೆ ಮಾತ್ರ ಇರುವಂಥದ್ದಲ್ಲ, ನಿಮ್ಮಲ್ಲೂ ನನ್ನಲ್ಲೂ ಇದೆ, ಇರಲೇಬೇಕು. ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ನರಕೋಶಗಳು ತಮ್ಮ ಜಾಗಕ್ಕೆ ಸರಿಯುವುದಕ್ಕೆ, ಉದ್ದುದ್ದ ಎಳೆ ಚಾಚುವುದಕ್ಕೆ, ಪಕ್ಕದ ಕೋಶದ ಜೊತೆ ಸಂಪರ್ಕ ಬೆಳೆಸುವುದಕ್ಕೆ ಅದು ನೆರವಾಗುತ್ತದೆ. ಆಲ್ಫಾ ಸೀಕ್ರಿಟೇಸ್ ಅನ್ನೋ ಕಿಣ್ವ ಅದನ್ನು ಕತ್ತರಿಸಿದಾಗ ಹೊರಬೀಳುವ ತುಂಡು ನರಕೋಶವನ್ನು ಬೆಳೆಸುತ್ತದೆ, ಕಾಪಾಡುತ್ತದೆ. ಅದರ ಬದಲು ಮೊದಲು ಬೀಟಾ ಸೀಕ್ರಿಟೇಸ್, ಆಮೇಲೆ ಗಾಮಾ ಸೀಕ್ರಿಟೇಸ್ ಅನ್ನೋ ಬೇರೆ ಕಿಣ್ವಗಳು ಕತ್ತರಿಸಿದರೆ ಆಗ ಬರುವುದು ಅಮಿಲಾಯ್ಡ್ ಬೀಟಾ. ಎಪಿಪಿ ಇಲ್ಲದಂತೆ ಮಾಡಿದ ಇಲಿಗಳು ಬದುಕುತ್ತವೆ ನಿಜ, ಆದರೆ ತೂಕ ಕಡಿಮೆ, ಹಿಡಿತದಲ್ಲಿ ಬಲ ಇಲ್ಲ, ವಯಸ್ಸಾದಂತೆ ಕಲಿಯುವುದರಲ್ಲೂ ಹಿಂದೆ. ಅದೇ ಬಳಗದ ಇನ್ನೆರಡು ಪ್ರೋಟೀನನ್ನೂ ತೆಗೆದುಬಿಟ್ಟರೆ ಮರಿಗಳು ಹುಟ್ಟಿದ ಮೇಲೆ ಉಳಿಯುವುದಿಲ್ಲ.

ಬುಡಸಮೇತ ನಾಶ ಮಾಡುವುದೇ ಆದರೆ ನಾಶ ಆಗುವುದು ಈ ಎಪಿಪಿಯೇ, ಅಲ್ವಾ?

ಎಪಿಪಿಯನ್ನು ಮುಟ್ಟದೆ ಬೀಟಾ ಸೀಕ್ರಿಟೇಸ್ ಕಿಣ್ವವನ್ನಷ್ಟೇ ತಡೆಯುವ ವೆರುಬೆಸೆಸ್ಟಾಟ್ ಅನ್ನೋ ಔಷಧಿಯನ್ನು ದೊಡ್ಡದಾಗಿ ಪರೀಕ್ಷಿಸಿ ನೋಡಿದ್ದರು. ಅಮಿಲಾಯ್ಡ್ ಕಡಿಮೆಯಾಯಿತು, ಆದರೆ ಮರೆವು ಕಡಿಮೆಯಾಗಲಿಲ್ಲ. ಕಾಯಿಲೆಯ ಆರಂಭದಲ್ಲಿದ್ದ ಕೆಲವರಲ್ಲಿ ಇನ್ನೂ ಹದಗೆಟ್ಟಂತೆ ಕಂಡಿತು. 2018ರಲ್ಲಿ ನಿಲ್ಲಿಸಿದರು. ಅಷ್ಟು ಕಷ್ಟದ ಕೆಲಸವನ್ನು ಎರಡು ಗಿಡಮೂಲಿಕೆಯ ಪುಡಿ ಮಾಡುತ್ತದೆ ಅಂತ ಸುಮ್ನೆ ಬರೆದು ಮಾರುವುದು, ಅದೂ ಹೆದರಿ ಕೂತಿರುವ ಮನೆಯವರಿಗೆ, ದೊಡ್ಡ ತಪ್ಪು.

ಐದಕ್ಕೆ ಒಂದು ನಕ್ಷತ್ರ. ಮನೆಯಲ್ಲಿ ಯಾರಿಗಾದರೂ ಮರೆವು ಜಾಸ್ತಿ ಆಗುತ್ತಿದ್ದರೆ ಮೊದಲು ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅವುಗಳ ತೊಂದರೆಯಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ. ನಿಮ್ಹಾನ್ಸ್‌ಗೆ ಹೋಗೋದಾದರೆ ಬೆಳಿಗ್ಗೆ ಬೇಗ ಹೊರಡಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ, ಇಂಥ ಡಬ್ಬ ಇದ್ದರೆ ಅದನ್ನೂ.