ಬಳ್ಳಾರಿಯ ಮಾಳಿಗೆಯಲ್ಲಿ ಅಝೇಲಿಯಾ, ಗಂಧರಾಜ ಮತ್ತು ದುಂಡುಮಲ್ಲಿಗೆ

ಪರಿಮಳಕ್ಕಾಗಿ ಗಿಡ ಸಾಕುವುದಾದರೆ ಬಳ್ಳಾರಿಯಲ್ಲಿ ದುಂಡುಮಲ್ಲಿಗೆಯನ್ನೇ ನೆಚ್ಚಬೇಕೆಂಬ ತೀರ್ಮಾನಕ್ಕೆ ನಾನು ಬಂದದ್ದು ಎರಡು ಅಝೇಲಿಯಾಗಳನ್ನು (ರೋಡೋಡೆಂಡ್ರಾನ್ ಕುಲದ, ತಂಪು ಸೀಮೆಯ ಹೂಗಿಡ) ಕಳೆದುಕೊಂಡ ಮೇಲೆ. ಊಟಿಯ ಒಂದು ನರ್ಸರಿಯಲ್ಲಿ ‘ಘಮಘಮಿಸುವ ಜಾತಿ’ ಎಂದು ಹೇಳಿ, ಗಿಡಕ್ಕೆ 350 ರೂಪಾಯಿಯಂತೆ ಕೊಟ್ಟಿದ್ದರು. ಹೂವೇನೋ ಚೆಲುವಾಗಿತ್ತು, ಮೂಗಿನ ಹತ್ತಿರ ಹಿಡಿದರೂ ವಾಸನೆಯ ಸುಳಿವಿರಲಿಲ್ಲ. ಕುಂಡದಲ್ಲಿ ಮಾರುವ ನಿತ್ಯಹಸಿರು ಅಝೇಲಿಯಾಗಳಲ್ಲಿ ಬಹುಪಾಲಿಗೆ ಪರಿಮಳವಿಲ್ಲವೆಂದು ಆಮೇಲೆ ತಿಳಿಯಿತು. ಪರಿಮಳವಿರುವುದು ಕಪ್ಪುಸಮುದ್ರದ ಸೀಮೆಯ ಹಳದಿ ಹೂವಿನ ರೋಡೋಡೆಂಡ್ರಾನ್ ಲೂಟಿಯಂ, ಅಮೆರಿಕದ ಪೂರ್ವಭಾಗದ ರೋಡೋಡೆಂಡ್ರಾನ್ ವಿಸ್ಕೋಸಮ್ ಮೊದಲಾದ ಎಲೆಯುದುರುವ ಜಾತಿಗಳಿಗೆ. ಅವು ಸರಿಯಾಗಿ ಹೂ ಬಿಡಲು ಬೇಕಾದ ಚಳಿ ನಮ್ಮ ಬಂಡೆಗುಡ್ಡಗಳ ನಡುವೆ ಸಿಗುವ ಮಾತಲ್ಲ.

ಗಿಡ ಸತ್ತದ್ದು ಬಿಸಿಲಿಗೆಂದು ಮನೆಯವರೆಲ್ಲ ಅಂದರು. ಬಿಸಿಲಿಗೂ ಮೊದಲು ಅದನ್ನು ಕೆಡಿಸಿದ್ದು ಬೋರಿನ ನೀರು. ಈ ಕುಲದ ಗಿಡಗಳಿಗೆ ಪಿಎಚ್ (ಹುಳಿ-ಕ್ಷಾರದ ಅಳತೆ) 4.5ರಿಂದ 6ರವರೆಗಿನ ಹುಳಿ ಮಣ್ಣು ಬೇಕು. ನಮ್ಮ ಬೋರಿನ ನೀರಾದರೋ ಕೊಡದ ಒಳಮೈಗೆ ಬಿಳಿ ಸುಣ್ಣದ ಪೊರೆ ಕಟ್ಟುವಷ್ಟು ಗಡಸು, ಅದು ಮಣ್ಣಿನ ಹುಳಿಯನ್ನು ಕಳೆಯುತ್ತದೆ. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಬೆರೆಸಿ ನಾನು ಮಾಡಿದ್ದ ಹದ ಎರಡೇ ತಿಂಗಳಲ್ಲಿ ಹಾಳಾಯಿತು.

ಮೊದಲು ಚಿಗುರೆಲೆಗಳು ಹಳದಿಯಾದವು, ನರಗಳು ಮಾತ್ರ ಪೆನ್ನಿನಿಂದ ಗೀಚಿದಂತೆ ಹಸಿರಾಗಿ ಉಳಿದವು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದಿರುವಾಗ ಕಾಣುವ ಲಕ್ಷಣವಿದು. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಹಾಕಿದೆ. ಸುಣ್ಣದಂಶವಿರುವ ಮಣ್ಣಿನಲ್ಲಿ ಅದು ಬೇಗನೆ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ. ಅಂಗಡಿಯವರು ಕೊಟ್ಟ, ಇಡಿಟಿಎ ಎಂಬ ರಾಸಾಯನಿಕ ಹಿಡಿದಿಟ್ಟ ಕಬ್ಬಿಣವೂ ಕ್ಷಾರದ ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲದು. ನಿಲ್ಲುವುದು ಇಡಿಡಿಎಚ್‌ಎ ಎಂಬ ಇನ್ನೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ, ಅದರ ಬೆಲೆ ಕೇಳಿ ಸುಮ್ಮನೆ ಹಿಂದಿರುಗಿದೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ, ಮಣ್ಣಿನ ಮೇಲ್ಪದರದಲ್ಲೇ ಹರಡುವ ಗಿಡದ ಕೂದಲೆಳೆಯಂಥ ಬೇರುಗಳು ಕುಂಡದೊಳಗೇ ಬೆಂದುಹೋದವು. ಅಝೇಲಿಯಾದ ಎಲೆ ಆಡುಗಳಿಗೆ ವಿಷ ಎಂಬುದನ್ನೂ ಹೇಳಬೇಕು. ನಮ್ಮ ಓಣಿಯಲ್ಲಿ ಆಡುಗಳು ಮೆಟ್ಟಿಲೇರಿ ಬರುತ್ತವೆ.

ಗಂಧರಾಜವನ್ನು 120 ರೂಪಾಯಿಗೆ ತಂದೆ (ಸುಗಂಧರಾಜ ಬೇರೆ, ಅದು ಗಡ್ಡೆಯ ಗಿಡ). ಇದಕ್ಕೂ ಹುಳಿ ಮಣ್ಣೇ ಇಷ್ಟ, ಇದರ ಎಲೆಯೂ ಹಾಗೆಯೇ ಹಳದಿಯಾಯಿತು. ಆದರೆ ಮಳೆನೀರು ಹಾಕತೊಡಗಿದ ಮೇಲೆ ಚೇತರಿಸಿಕೊಂಡಿತು. ಬೆಳಗಿನ ಬಿಸಿಲಷ್ಟೇ ಬೀಳುವ ಜಾಗ ಬೇಕು. ಬೇಸಿಗೆಯಲ್ಲಿ ಮೊಗ್ಗು ಉದುರುತ್ತದೆ. ಅರಳಿದ ಬಿಳಿ ಹೂ ಒಂದೆರಡು ದಿನದಲ್ಲಿ ಹಳದಿಗೆ ತಿರುಗಿದರೂ ಅದರ ವಾಸನೆಗೆ ಸಾಟಿಯಿಲ್ಲವೆಂದು ಒಪ್ಪುತ್ತೇನೆ.

ದುಂಡುಮಲ್ಲಿಗೆಗೆ ಕೊಟ್ಟದ್ದು 40 ರೂಪಾಯಿ. ಅದೇ ಬೋರಿನ ನೀರು ಕುಡಿದು, ಅದೇ ಬಿಸಿಲು ತಿಂದು ಬೆಳೆಯಿತು. ಡಿಸೆಂಬರ್‌ನಲ್ಲಿ ಕತ್ತರಿಸಿ, ಕುರಿಗೊಬ್ಬರ ಕೊಟ್ಟರೆ ಮಾರ್ಚ್ ಹೊತ್ತಿಗೆ ಮೊಗ್ಗು. ಮಲ್ಲಿಗೆಯ ಕುಲಕ್ಕೆ ಈ ಸೀಮೆ ಒಗ್ಗುತ್ತದೆಂಬುದಕ್ಕೆ ಭೌಗೋಳಿಕ ಸೂಚಿ (ಒಂದು ಸೀಮೆಯ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಮಾನ್ಯತೆ) ಪಡೆದ, ಇದೇ ಸೀಮೆಯ ಹಡಗಲಿ ಮಲ್ಲಿಗೆಯೇ ಸಾಕ್ಷಿ.

ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟು, ಸಂಜೆ ಒಮ್ಮೆ ಮಾತ್ರ ನೀರು ಹಾಕುವ ನನ್ನಂಥವರಿಗೆ ಅಝೇಲಿಯಾ ತಕ್ಕುದಲ್ಲ. ನನ್ನಲ್ಲಿರುವುದು ಮಳೆನೀರಿನ ಒಂದೇ ಡ್ರಮ್, ಅದು ಗಂಧರಾಜಕ್ಕೇ ಸಾಲದು. ಅಝೇಲಿಯಾ ಇದ್ದ ಎರಡೂ ಕುಂಡಗಳಲ್ಲಿ ಹೋದ ಮಳೆಗಾಲದಲ್ಲಿ ಮಲ್ಲಿಗೆಯ ಕಡ್ಡಿ ಊರಿದ್ದೆ, ಒಂದು ಚಿಗುರಿದೆ.