1 ರೂಪಾಯಿ ಮೆಂಬರ್‌ಶಿಪ್ ಅಂದ್ರೆ ಹುಷಾರು!

ಹಬ್ಬಕ್ಕೆ ಊರಿಗೆ ಹೋಗಲು ಆ್ಯಪ್‌ನಲ್ಲಿ ಬಸ್ ಟಿಕೆಟ್ ಬುಕ್ ಮಾಡುವವರು ಇದನ್ನು ಓದಿ. ಆ್ಯಪ್ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ.

ದೀಪಾವಳಿಗೆ ಹುಬ್ಬಳ್ಳಿಗೆ ಸ್ಲೀಪರ್. ಸೀಟು ಒತ್ತಿದ ಕೂಡಲೇ ಕೆಂಪು ಟೈಮರ್ ಓಡತೊಡಗಿತು. ‘ಎರಡೇ ಸೀಟು ಬಾಕಿ, 14 ಜನ ನೋಡುತ್ತಿದ್ದಾರೆ.’ ಹಬ್ಬದ ಟೈಮಲ್ಲಿ ಸೀಟಿನ ಪಾಡು ಗೊತ್ತಲ್ವಾ? ಆ ಗಡಿಬಿಡಿಯಲ್ಲೇ ಇನ್ನೊಂದು ಪರದೆ: ‘1 ರೂಪಾಯಿಗೆ ಮೆಂಬರ್ ಆಗಿ, 150 ರೂಪಾಯಿ ಉಳಿಸಿ.’ ದೊಡ್ಡ ಹಸಿರು ಬಟನ್. ಅದರ ಕೆಳಗೆ ಕಂಡೂ ಕಾಣದ ಬೂದು ಅಕ್ಷರ: ‘ಬೇಡ, ನನಗೆ ದುಡ್ಡು ಉಳಿಸುವ ಇಷ್ಟವಿಲ್ಲ.’ ಬೇಡ ಅನ್ನೋದಕ್ಕೂ ನಾಚಿಕೆ ಪಡಬೇಕು ನೋಡಿ!

ಹಸಿರು ಒತ್ತಿದೆ, ಪಿನ್ ಹಾಕಿದೆ. ಮುಂದಿನ ತಿಂಗಳು ಖಾತೆಯಿಂದ 399 ರೂಪಾಯಿ ಹೋಯಿತು. ಯುಪಿಐ ಆಟೋಪೇ ಅಂತೆ, ಅಂದ್ರೆ ಒಮ್ಮೆ ಪಿನ್ ಹಾಕಿದರೆ ಆಮೇಲೆ ದುಡ್ಡು ತಾನಾಗೇ ಹೋಗ್ತಾ ಇರುತ್ತೆ!

ಆ್ಯಪ್‌ನವರ ಚಾಟ್‌ನಲ್ಲಿ ಕೇಳಿದೆ. ‘ಸರ್, ನೀವೇ ಒಪ್ಪಿಗೆ ಕೊಟ್ಟಿದ್ದೀರಿ.’ 399 ಅಂತ ಎಲ್ಲಿ ಬರೆದಿದ್ರಿ? ‘ಷರತ್ತುಗಳಲ್ಲಿದೆ ಸರ್.’ ದುಡ್ಡು ವಾಪಸ್ ಕೊಡಿ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಸರ್. ನೀವೇ ಒಪ್ಪಿಗೆ ಕೊಟ್ಟಿದ್ದೀರಿ.’ ಏನು ಕೇಳಿದರೂ ಅದೇ. ನೀವೇ ಕೊಟ್ಟಿದ್ದೀರಿ, ನೀವೇ ಕೊಟ್ಟಿದ್ದೀರಿ.

ಸಿಟ್ಟಿಗೆ ಯಾವುದೋ ಮಾಮೂಲಿ ಮಂಗಳವಾರದ ಬಸ್ ತೆರೆದು ನೋಡಿದೆ. ಅಲ್ಲೂ ಎರಡೇ ಸೀಟು, ಅಲ್ಲೂ 14 ಜನ! ಟೈಮರ್ ಸೊನ್ನೆಗೆ ಬರೋವರೆಗೂ ಸುಮ್ನೆ ನೋಡ್ತಾ ಕೂತೆ. ಸೊನ್ನೆ ಆಯಿತು, ಮತ್ತೆ ಮೊದಲಿಂದ ಶುರು. ಮೈಯೆಲ್ಲ ಉರಿದುಹೋಯಿತು.

ಇದೆಲ್ಲ ಲೆಕ್ಕ ಹಾಕಿಯೇ ಮಾಡಿದ್ದು. ನೂರು ರೂಪಾಯಿ ಸಿಕ್ಕ ಖುಷಿಗಿಂತ ಅದೇ ನೂರು ಕಳೆದುಕೊಂಡ ನೋವು ಜಾಸ್ತಿ ಅಂತ ಮನಶ್ಶಾಸ್ತ್ರಜ್ಞರಾದ ಕಾನೆಮನ್, ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಆ ಮನಶ್ಶಾಸ್ತ್ರ ಇವರ ಕೈಯಲ್ಲಿ ಕೆಂಪು ಟೈಮರ್ ಆಗಿದೆ. ಗ್ರಾಹಕರನ್ನು ಹೀಗೆ ಯಾಮಾರಿಸೋ ವಿನ್ಯಾಸಕ್ಕೆ ಡಾರ್ಕ್ ಪ್ಯಾಟರ್ನ್ ಅಂತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಇಂಥ 13 ಬಗೆ ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ, ಬೇಡ ಅಂದವರನ್ನು ನಾಚಿಸೋದು, ಚಂದಾ ಬಲೆ, ಎಲ್ಲವೂ ಅದರಲ್ಲಿವೆ. ಇದನ್ನು ಚಾಟ್‌ನಲ್ಲಿ ಹಾಕಿದ ಮೇಲೆ ಆ ‘ಸರ್’ ಕೂಡ ನಿಂತುಹೋಯಿತು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ನೀವೂ ಕೊಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ. ರದ್ದು ಮಾಡೋ ಬಟನ್‌ಗೆ ಅವರ ಆ್ಯಪ್‌ನಲ್ಲಿ ತಡಕಾಡಬೇಡಿ, ನನಗಂತೂ ಸಿಗಲಿಲ್ಲ. ನಿಮ್ಮ ಯುಪಿಐ ಆ್ಯಪ್‌ನಲ್ಲೇ ಆಟೋಪೇಗೆ ಹೋಗಿ ಕಿತ್ತುಹಾಕಿ. ಅಪ್ಪ ಅಮ್ಮನ ಫೋನಲ್ಲೂ ನೋಡಿ. ನಮ್ಮಮ್ಮನ ಫೋನಿಂದ ಇನ್ಯಾವುದೋ ಆ್ಯಪ್‌ಗೆ ತಿಂಗಳಿಗೆ 99 ರೂಪಾಯಿ ಹೋಗ್ತಾನೇ ಇತ್ತು.