ರಟ್ಟಿನ ರದ್ದಿ ಕೊಳ್ಳುವ ಮುಂಚೆ ಬೇಲ್‌ನ ಹೊಟ್ಟೆ ಬಿಚ್ಚಿ ನೋಡಿ

ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಯಾರಾದರೂ ಕಾಗದದ ಪಲ್ಪ್‌ನಿಂದ (ನೀರಲ್ಲಿ ಕರಗಿಸಿದ ತಿರುಳು) ಮೊಟ್ಟೆ ಟ್ರೇ ಮಾಡುವವರಿದ್ದರೆ, ಅಥವಾ ಹೊಸದಾಗಿ ಯುನಿಟ್ ಹಾಕುವ ಯೋಚನೆಯಲ್ಲಿದ್ದರೆ, ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ಒಂದು ಲೋಡ್ ರದ್ದಿ ಕೊಂಡು ನಾನು ಕೈ ಸುಟ್ಟುಕೊಂಡೆ. ಅದೇ ವ್ಯಾಪಾರಿ ಈಗ ಮತ್ತೆ ಕರಾವಳಿ ಕಡೆ ಫೋನ್ ಮಾಡುತ್ತಿದ್ದಾನೆ ಅಂತ ಕೇಳಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಅಂಕೋಲಾ ಹತ್ತಿರ. ನಾನು ಮತ್ತು ಭಾವ ಸೇರಿ ನಡೆಸುತ್ತೇವೆ. ವರ್ಷವಿಡೀ ಮೊಟ್ಟೆ ಟ್ರೇ, ಬೇಸಿಗೆಯಲ್ಲಿ ಕರಿ ಇಶಾಡ ಮಾವಿಗೆ ಟ್ರೇ. ಕರಿ ಇಶಾಡದ ಸಿಪ್ಪೆ ತೆಳು, ಟ್ರೇ ಸ್ವಲ್ಪ ಬಗ್ಗಿದರೂ ಹಣ್ಣು ಹಾಳು. ಹಾಗಾಗಿ ನಮಗೆ ನಾರು ಗಟ್ಟಿ ಇರುವ ರಟ್ಟೇ ಬೇಕು.

ಜುಲೈನಲ್ಲಿ ಸ್ಟಾಕ್ ಮುಗಿಯುತ್ತಾ ಬಂದಿತ್ತು. ಘಟ್ಟದ ಮೇಲಿನ ಒಬ್ಬ ವ್ಯಾಪಾರಿ, ನಾವು ಯಾವಾಗಲೂ ಕೊಡುವುದಕ್ಕಿಂತ ಕಿಲೋಗೆ ಒಂದೂವರೆ ರೂಪಾಯಿ ಕಡಿಮೆಗೆ ಕೊಡುತ್ತೇನೆ, ಪೂರ್ತಿ ಕಂದು ರಟ್ಟಿನ ಪೆಟ್ಟಿಗೆ, ಬೇರೆ ಏನೂ ಮಿಕ್ಸ್ ಇಲ್ಲ ಅಂದ. ಸ್ಯಾಂಪಲ್ ಕಳಿಸಿದ, ಚೆನ್ನಾಗಿತ್ತು. ಹತ್ತು ಟನ್ ಲೋಡ್, ಎಲ್ಲಾ ಒತ್ತಿ ತಂತಿ ಕಟ್ಟಿದ ಹೊರೆ (ಬೇಲ್), ಅರಬೈಲ್ ಘಟ್ಟ ಇಳಿದು ರಾತ್ರಿ ಬಂತು, ಜೋರು ಮಳೆ, ಡ್ರೈವರ್‌ಗೆ ಅವಸರ. ವೇಬ್ರಿಡ್ಜ್ ಚೀಟಿ ನೋಡಿ ದುಡ್ಡು ಹಾಕಿಬಿಟ್ಟೆವು. ತಾಡಪತ್ರಿ ಸರಿಯಾಗಿಯೇ ಕಟ್ಟಿತ್ತು, ಬೇಲ್‌ನ ಹೊರಮೈ ಕೈಗೆ ಒಣಗಿದ ಹಾಗೇ ಸಿಕ್ಕಿತು. ನನ್ನ ತಪ್ಪು ಆಗಿದ್ದು ಅಲ್ಲೇ.

ಮಾರನೇ ದಿನ ಮೊದಲ ಬೇಲ್ ತಂತಿ ಕತ್ತರಿಸಿದಾಗ ಒಳಗಿನಿಂದ ಹುಳಿ ವಾಸನೆ. ಮಧ್ಯದ ರಟ್ಟು ಬಿಸಿ ಇತ್ತು, ಕೆಲವು ಕಡೆ ಬೂಸ್ಟು ಬಂದು ಕಪ್ಪಾಗಿತ್ತು. ಹೊರಗೆ ಎರಡು ಪದರ ಒಳ್ಳೆ ರಟ್ಟು, ಒಳಗೆ ಹಳೆ ಪೇಪರ್, ನೋಟ್‌ಬುಕ್ ಹಾಳೆ, ಮೇಣ ಹಚ್ಚಿದ ಮೀನಿನ ಪೆಟ್ಟಿಗೆ, ಟೇಪ್ ಸುತ್ತಿದ ಪಾರ್ಸೆಲ್ ಡಬ್ಬ.

ಫೋನ್ ಮಾಡಿದರೆ "ಮಳೆಗಾಲ ಅಲ್ವಾ ಸಾರ್, ಸ್ವಲ್ಪ ನೀರು ಇರತ್ತೆ" ಅಂದ. ಆಮೇಲೆ ಫೋನೇ ಎತ್ತಲಿಲ್ಲ.

ಎಷ್ಟು ನೀರು ಅಂತ ನೋಡೋಣ ಅಂತ ಮೂರು ಬೇಲ್‌ಗಳ ಮಧ್ಯದಿಂದ ಚೂರು ತೆಗೆದು, ಒಟ್ಟು 200 ಗ್ರಾಂ ತೂಗಿ, ಮನೆಯ ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆ. 152 ಗ್ರಾಂ ಉಳಿಯಿತು. ಅಂದರೆ ನೂರಕ್ಕೆ 24 ನೀರು. ಕಾಗದದಲ್ಲಿ ಸ್ವಲ್ಪ ತೇವ ಇದ್ದೇ ಇರುತ್ತದೆ, ಪಲ್ಪ್ ವ್ಯಾಪಾರದಲ್ಲಿ ನೂರಕ್ಕೆ 10 ನೀರು ಅಂತ ಹಿಡಿದು ಲೆಕ್ಕ ಹಾಕುವುದು ವಾಡಿಕೆ. ಆ ಲೆಕ್ಕದಲ್ಲಿ ನನ್ನ ಹತ್ತು ಟನ್ ನಿಜವಾಗಿ ಎಂಟೂವರೆ ಟನ್ನಿಗಿಂತ ಕಡಿಮೆ. ಒಂದೂವರೆ ಟನ್ನಿಗೂ ಜಾಸ್ತಿ ನೀರಿಗೆ ರಟ್ಟಿನ ರೇಟು ಕೊಟ್ಟಿದ್ದೆ. ಕಿಲೋಗೆ ಉಳಿಸಿದ ಒಂದೂವರೆ ರೂಪಾಯಿ ಎಲ್ಲಿ ಉಳಿಯಿತು?

ನೀರು ಹೋಗಲಿ, ಅದು ಒಂದು ಸಲದ ನಷ್ಟ. ನಿಜವಾಗಿ ಕಾಡಿದ್ದು ನಾರು. ಪಲ್ಪರ್‌ನಲ್ಲಿ (ರಟ್ಟನ್ನು ನೀರಲ್ಲಿ ಕದಡಿ ಕರಗಿಸುವ ಯಂತ್ರ) ಹಾಕಿ ತಿರುಗಿಸಿದರೆ ಗಂಜಿ ತರಹ ನುಣ್ಣಗಾಯಿತು, ಅಚ್ಚಿನ ಜಾಳಿಗೆಯಿಂದ ನೀರು ಇಳಿಯಲೇ ಇಲ್ಲ. ಒದ್ದೆ ಟ್ರೇ ಒಣಗಲು ಎರಡು ಪಟ್ಟು ಹೊತ್ತು ಹಿಡಿಯಿತು, ಸೌದೆ ಸುಟ್ಟಿದ್ದೇ ಸುಟ್ಟಿದ್ದು. ಟೇಪಿನ ಅಂಟು ಜಾಳಿಗೆಗೆ ಹಿಡಿದು ದಿನಾ ಸಂಜೆ ಬ್ರಷ್ ಹಿಡಿದು ತಿಕ್ಕಬೇಕಾಯಿತು. ಮೇಣದ ರಟ್ಟು ಕರಗದೆ ಚೂರು ಚೂರಾಗಿ ಉಳಿದು, ಅದು ಕೂತಲ್ಲೆಲ್ಲಾ ಟ್ರೇ ತೂತು. ಮೂವತ್ತು ಮೊಟ್ಟೆ ಇಟ್ಟು ಎತ್ತಿದರೆ ಮಧ್ಯಕ್ಕೆ ಬಗ್ಗಿತು. ಕುಮಟಾದ ಅಂಗಡಿಯವರು ಒಂದು ಟೆಂಪೋ ಮಾಲು ವಾಪಸ್ ಕಳಿಸಿದರು.

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಾವ ಒಬ್ಬರು ಶಿರಸಿಯಲ್ಲಿದ್ದಾರೆ. ಅವರನ್ನು ಕರೆಸಿದೆ. ಬೇಲ್‌ನಿಂದ ಒಂದು ಚೂರು ಎಳೆದು ಹರಿದು ಬೆಳಕಿಗೆ ಹಿಡಿದರು. "ತಮಾ, ಹರಿದ ಅಂಚು ನೋಡು, ಬ್ಲೇಡಿನಲ್ಲಿ ಕೊಯ್ದ ಹಾಗಿದೆ. ಒಳ್ಳೆ ನಾರಾದರೆ ಕೂದಲು ಕೂದಲಾಗಿ ಏಳಬೇಕು" ಅಂದರು.

ಅವರು ವಿವರಿಸಿದ್ದು ಹೀಗೆ. ಪೈನ್ ಜಾತಿಯ ಮರದ ನಾರು ಸುಮಾರು 3 ಮಿಲಿಮೀಟರ್ ಉದ್ದ, ನೀಲಗಿರಿಯಂಥ ಮರದ್ದು 1 ಮಿಲಿಮೀಟರ್ ಆಸುಪಾಸು. ಕಾಗದವನ್ನು ಪ್ರತಿ ಸಲ ಕರಗಿಸಿ ಒಣಗಿಸಿದಾಗಲೂ ನಾರು ಸ್ವಲ್ಪ ಮುರಿಯುತ್ತದೆ. ಅದಕ್ಕಿಂತ ಮುಖ್ಯ, ಒಣಗಿದಾಗ ನಾರು ಬಿರುಸಾಗುತ್ತದೆ, ಮತ್ತೆ ನೀರಿಗೆ ಹಾಕಿದರೆ ಮೊದಲಿನಷ್ಟು ಉಬ್ಬುವುದಿಲ್ಲ. ಉಬ್ಬದ ನಾರು ಪಕ್ಕದ ನಾರನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಕಂದು ಬಣ್ಣ ನೋಡಿ ಗಟ್ಟಿ ರಟ್ಟು ಅಂದುಕೊಳ್ಳಬಾರದು, ಅದು ಆಗಲೇ ಎಷ್ಟೋ ಸಲ ಕರಗಿ ಬಂದಿದ್ದಿರಬಹುದು. ನೋಟ್‌ಬುಕ್ ಹಾಳೆಯ ಕಥೆ ಬೇರೆ. ಅದರಲ್ಲಿ ಸುಣ್ಣದ ಕಲ್ಲಿನ ಪುಡಿ, ಜೇಡಿಯಂಥವು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇರುವುದು ಸಾಮಾನ್ಯ. ತೂಕ ಬರುತ್ತದೆ, ಬಲ ಬರುವುದಿಲ್ಲ.

ಅವರೇ ಹೇಳಿಕೊಟ್ಟ ಪರೀಕ್ಷೆಗಳನ್ನು ಈಗ ಪ್ರತಿ ಲೋಡಿಗೂ ಮಾಡುತ್ತೇನೆ. ದುಡ್ಡು ಕೊಡುವ ಮುಂಚೆ ನಾವೇ ಆರಿಸಿದ ಎರಡು ಮೂರು ಬೇಲ್ ಬಿಚ್ಚಿಸಿ, ಹೊಟ್ಟೆಯಿಂದ ಚೂರು ತೆಗೆದು ತಕ್ಷಣ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟುವುದು, ಇಲ್ಲದಿದ್ದರೆ ತೇವ ಆರಿ ಲೆಕ್ಕ ತಪ್ಪುತ್ತದೆ. ಅದರಲ್ಲಿ ಅರ್ಧ ಓವನ್ನಿಗೆ. ಉಳಿದಿದ್ದರಲ್ಲಿ ಇಪ್ಪತ್ತು ಗ್ರಾಂನಷ್ಟನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ (ಒಂದೇ ಸಮ ತಿರುಗಿಸಿದರೆ ಒಳ್ಳೆ ನಾರೂ ತುಂಡಾಗುತ್ತದೆ), ಒಂದು ಚಮಚ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಬೆಳಕಿಗೆ ಹಿಡಿಯಬೇಕು. ಎಳೆ ಎಳೆಯಾಗಿ ತೇಲಿದರೆ ಒಳ್ಳೆಯದು, ಹಾಲು ಕದಡಿದ ಹಾಗೆ ಕಂಡರೆ ಬರೀ ಪುಡಿ. ಮಿಕ್ಕ ಪಲ್ಪನ್ನು ಸಣ್ಣ ಜರಡಿಗೆ ಸುರಿದು ನೀರು ಎಷ್ಟು ಬೇಗ ಇಳಿಯುತ್ತದೆ ನೋಡಿ, ಪಕ್ಕದಲ್ಲಿ ನಿಮ್ಮ ಹಳೆಯ ಒಳ್ಳೆ ಮಾಲಿನದ್ದೂ ಇಟ್ಟು ಹೋಲಿಸಿ. ಕಾರ್ಖಾನೆಯ ಲ್ಯಾಬಿನಲ್ಲಿ ಇದಕ್ಕೇ ಒಂದು ಉಪಕರಣ ಇದೆ, ಒಂದು ಲೀಟರ್ ನೀರಿಗೆ 3 ಗ್ರಾಂ ಒಣ ನಾರು ಹಾಕಿ ಫ್ರೀನೆಸ್ ಅಂತ ಅಳೆಯುತ್ತಾರೆ. ನಮಗೆ ಜರಡಿ ಮತ್ತು ಗಡಿಯಾರ ಸಾಕು.

ಹಾಳೆ ಮಿಕ್ಸ್ ಇದೆಯಾ ಅನ್ನುವ ಸಂಶಯ ಬಂದರೆ ಒಣಗಿದ ಚೂರನ್ನು ಸುಟ್ಟು ಬೂದಿ ನೋಡಿ. ಬೂದಿ ಜಾಸ್ತಿ ಉಳಿದು, ನಿಂಬೆರಸ ಬಿಟ್ಟಾಗ ಬುರುಗು ಬಂದರೆ ಸುಣ್ಣದ ಕಲ್ಲಿನ ಪುಡಿ ಇದೆ ಅಂತ. ಮೇಣದ್ದು ಗೊತ್ತಾಗಲು ಒಂದು ಹನಿ ನೀರು ಸಾಕು, ಹೀರದೆ ಮೇಲೇ ಮಣಿಯಂತೆ ನಿಲ್ಲುತ್ತದೆ.

ಇದೆಲ್ಲಾ ಸೇರಿ ಅರ್ಧ ದಿನದ ಕೆಲಸ. ಲಾರಿಯವನು ಗಡಿಬಿಡಿ ಮಾಡುತ್ತಾನೆ, ಮಾಡಲಿ, ಕಾಯುವ ಬಾಡಿಗೆ ಕೊಟ್ಟರೂ ಅದು ಕಡಿಮೆಯೇ. ಈಗ ನಾನು ಚೀಟಿಯಲ್ಲಿ ಮೊದಲೇ ಬರೆಸುತ್ತೇನೆ: ತೇವ ನೂರಕ್ಕೆ 12 ದಾಟಿದರೆ ಅಷ್ಟು ತೂಕ ಕಡಿತ, ಮೇಣದ ರಟ್ಟು ಸಿಕ್ಕರೆ ಆ ಬೇಲ್ ವಾಪಸ್. ನಮಗೆ ಮಾಮೂಲಿ ಕೊಡುವವರು ಇದಕ್ಕೆ ತಕರಾರು ಮಾಡಲಿಲ್ಲ.

ಆ ಲೋಡಿನ ಬೇಲ್‌ಗಳಿಗೆ ಒಂದು ಗುರುತಿತ್ತು, ಆವತ್ತು ಟಾರ್ಚ್ ಬಿಟ್ಟು ನೋಡಿದ್ದರೂ ಕಾಣುತ್ತಿತ್ತು. ಕಟ್ಟಿದ ತಂತಿಗೆಲ್ಲಾ ತುಕ್ಕು ಹಿಡಿದಿತ್ತು, ತಂತಿ ತಾಗಿದ ಕಡೆ ರಟ್ಟಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅಂಥ ಬೇಲ್ ನಿಮ್ಮ ಅಂಗಳಕ್ಕೆ ಬಂದರೆ ಇಳಿಸಿಕೊಳ್ಳಬೇಡಿ. ನಮ್ಮ ಶೆಡ್ಡಿನಲ್ಲಿ ಇನ್ನೂ ನಾಲ್ಕು ಹಾಗೇ ಬಿದ್ದಿವೆ, ನೋಡಬೇಕು ಅನ್ನುವವರು ಬನ್ನಿ, ಬಿಚ್ಚಿ ತೋರಿಸುತ್ತೇನೆ.